ಕೂಸನ್ನು ಮಲಗಿಸಿದ ಕಥೆ

೧

ಲಂಡನ್ ನಗರದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಬ್ಯಾಬಿಲೋನಿಯ ದೇಶದಿಂದ ತಂದಿಟ್ಟ ಮಣ್ಣಿನ ಫಲಕಗಳು ಅಸಂಖ್ಯವಾಗಿವೆ. ಅವುಗಳಲ್ಲಿ ರಾಜಶಾಸನಗಳೂ ವರ್ತಕರ ಲೆಕ್ಕಗಳೂ ಇರುವಂತೆಯೇ, ಅಳುವ ಕೂಸನ್ನು ಮಲಗಿಸುವ ಮಂತ್ರವೊಂದು ಕಿರಿದಾದ ಒಂದು ಫಲಕದ ಮೇಲೆ ಬರೆದಿದೆ. ಅದನ್ನು ಬರೆದು ಮೂರೂವರೆ ಸಾವಿರ ವರ್ಷಗಳಿಗೆ ಮೇಲಾಯಿತು. ಗರ್ಭದ ಕತ್ತಲೆಯಲ್ಲಿ ಸುಮ್ಮನಿದ್ದ ನೀನು ಬೆಳಕಿಗೆ ಬಂದ ಮೇಲೆ ಏಕೆ ಅಳುತ್ತಿರುವೆ, ನಿನ್ನ ಅಳುವಿಗೆ ಮನೆದೇವರೂ ಎಚ್ಚೆತ್ತನಲ್ಲಾ, ಎಂಬುದು ಅದರ ಭಾವ. ಆ ರಾಜ್ಯವಳಿಯಿತು, ಆ ಭಾಷೆಯನ್ನಾಡುವವರೂ ಇಲ್ಲದೆ ಹೋದರು. ಆದರೆ ಆ ಮಂತ್ರವನ್ನು ಹೇಳಿಸಿದ ಗೃಹಿಣಿಯ ಸಂಕಟವು ಇಂದಿನ ಯಾವ ಮನೆಯವರಿಗೂ ಬಿಡಿಸಿ ಹೇಳಬೇಕಾದುದಲ್ಲ.

ಅರಸರ ಯುದ್ಧಗಳಿಗೆ ಚರಿತ್ರಕಾರರು ದೊರೆತಿದ್ದಾರೆ. ತಾಯಂದಿರ ಜಾಗರಣೆಗೆ ದೊರೆತವರು ಕಡಿಮೆ. ಹಾಗೆಂದು ಈ ವಿಷಯವು ಕ್ಷುಲ್ಲಕವೆಂದು ತಿಳಿಯಬಾರದು. ಕೂಸನ್ನು ಹೇಗೆ ಮಲಗಿಸಬೇಕೆಂಬ ವಿಚಾರದಲ್ಲಿ ಲೋಕವು ಕಂಡ ಕೆಲವು ತಪ್ಪುಗಳಿಂದ ಸಾವಿರಾರು ಪ್ರಾಣಗಳು ಹೋಗಿವೆ. ಕೆಲವು ಸರಿಯಾದ ಮಾತುಗಳಿಂದ ಸಾವಿರಾರು ಪ್ರಾಣಗಳು ಉಳಿದಿವೆ. ಅಳುವ ಕೂಸನ್ನು ಎತ್ತಿಕೊಳ್ಳಬೇಕೆ, ಅತ್ತು ಸುಮ್ಮನಾಗಲೆಂದು ಬಿಡಬೇಕೆ? ತೂಗಬೇಕೆ, ತೂಗಬಾರದೆ? ಮಗ್ಗುಲಲ್ಲಿ ಮಲಗಿಸಬೇಕೆ, ಬೇರೆ ಮಲಗಿಸಬೇಕೆ? ಈ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಕ್ರಮವಾಗಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಪ್ರಾಚೀನರ ಮಾತನ್ನು ಮೊದಲು ನೋಡೋಣ. ಗ್ರೀಸ್ ದೇಶದ ತತ್ತ್ವಜ್ಞಾನಿಯಾದ ಪ್ಲೇಟೋ ತನ್ನ 'ಲಾಸ್' ಎಂಬ ಗ್ರಂಥದ ಏಳನೆಯ ಭಾಗದಲ್ಲಿ ಶಿಶುಗಳ ವಿಷಯವನ್ನು ಎತ್ತಿಕೊಂಡಿದ್ದಾನೆ. ನಿದ್ದೆ ಬಾರದ ಕೂಸನ್ನು ತಾಯಂದಿರು ಅಲುಗದಂತೆ ಇರಿಸುವುದಿಲ್ಲ. ತೋಳಿನಲ್ಲಿ ಹಾಕಿ ತೂಗುತ್ತಾರೆ, ಮೌನವಾಗಿರುವುದಕ್ಕೆ ಬದಲಾಗಿ ಹಾಡುತ್ತಾರೆ. ಒಳಗಿನ ಭಯದ ಚಲನೆಯನ್ನು ಹೊರಗಿನ ಚಲನೆಯು ಗೆದ್ದು ಮನಸ್ಸಿಗೆ ಶಾಂತಿಯನ್ನು ತರುವುದೆಂದು ಅವನ ವಿವರಣೆ. ಸಾಧ್ಯವಾದರೆ ಕೂಸುಗಳು ಯಾವಾಗಲೂ ಹಡಗಿನಲ್ಲಿರುವಂತೆ ಬೆಳೆಯಬೇಕೆಂದು ಕೂಡ ಅವನು ಹೇಳಿದ್ದಾನೆ. ಕ್ರಿ. ಶ. ಎರಡನೆಯ ಶತಮಾನದ ವೈದ್ಯನಾದ ಎಫೆಸಸ್ಸಿನ ಸೊರಾನಸ್ ಎಂಬವನು ಬೇರೊಂದು ಮುಖ್ಯವಾದ ಮಾತನ್ನು ಬರೆದಿಟ್ಟನು. ದಾದಿಯು ನಿದ್ದೆಗಣ್ಣಿನಲ್ಲಿ ಹೊರಳಿದರೆ ಎಳೆಗೂಸು ಉಸಿರುಕಟ್ಟಿ ಸಾಯಬಹುದಾದುದರಿಂದ, ಅದನ್ನು ಅವಳ ಹಾಸಿಗೆಯಲ್ಲಿ ಮಲಗಿಸದೆ ತೊಟ್ಟಿಲನ್ನು ಹಾಸಿಗೆಯ ಮಗ್ಗುಲಲ್ಲಿಯೇ ಇರಿಸಬೇಕೆಂದು ಅವನ ಸಲಹೆ. ಈ ಮಾತಿಗೆ ನಾವು ಮುಂದೆ ಮರಳಿ ಬರಬೇಕಾಗುವುದು.

ನಮ್ಮ ದೇಶದಲ್ಲಿ ಶಿಶುಪಾಲನೆಯು ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾಗಿ, ಕೌಮಾರಭೃತ್ಯವೆಂಬ ಹೆಸರಿನಿಂದ ಪ್ರತ್ಯೇಕ ಶಾಸ್ತ್ರವೇ ಆಗಿತ್ತು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಕುಮಾರಾಗಾರದ, ಎಂದರೆ ಕೂಸಿನ ಕೋಣೆಯ, ಲಕ್ಷಣವನ್ನು ಹೇಳಿದೆ. ಅದು ಕತ್ತಲೆಯಾಗಿರಬಾರದು, ಬಿರುಗಾಳಿ ಬೀಸದೆ ಒಂದು ಕಡೆಯಿಂದ ಮಾತ್ರ ಗಾಳಿಯಾಡುತ್ತಿರಬೇಕು, ಇಲಿ, ಹುಳು, ಸೊಳ್ಳೆಗಳು ಸೇರಬಾರದು. ಹಾಸಿಗೆ ಹಗುರವಾಗಿ ಶುಚಿಯಾಗಿರಬೇಕು. ಮಲಿನವಾದ ಬಟ್ಟೆಯನ್ನು ಬಿಡಬೇಕು. ಹೊಸತಕ್ಕೆ ಶಕ್ತಿಯಿಲ್ಲದವರು ಹಳೆಯದನ್ನೇ ಚೆನ್ನಾಗಿ ಒಗೆದು, ಧೂಪ ಹಾಕಿ, ಒಣಗಿಸಿ ಉಪಯೋಗಿಸಬಹುದು. ಬಡವರ ಮನೆಯನ್ನೂ ನೆನೆದು ಬರೆದ ಈ ಕೊನೆಯ ಮಾತಿನಲ್ಲಿ ಆಚಾರ್ಯನ ಅಂತಃಕರಣವು ತೋರುವುದು. ಆಟದ ಸಾಮಾನುಗಳು ಶಬ್ದಮಾಡುವುವೂ ಮನೋಹರವೂ ಆಗಿದ್ದು, ಭಾರವಾಗಿಯೂ ಮೊನೆಯುಳ್ಳುವಾಗಿಯೂ ಬಾಯೊಳಗೆ ಹೋಗುವಷ್ಟು ಚಿಕ್ಕವಾಗಿಯೂ ಇರಬಾರದೆಂದು ಕೂಡ ಅಲ್ಲಿ ವಿಧಿಸಿದೆ.

ಇದಕ್ಕಿಂತಲೂ ಗಮನಾರ್ಹವಾದುದು ಹೆದರಿಸುವ ವಿಷಯದಲ್ಲಿ ಚರಕನ ನಿಷೇಧ. ಮಗು ಅತ್ತರೂ, ಉಣ್ಣದಿದ್ದರೂ, ಹೇಳಿದಂತೆ ಕೇಳದಿದ್ದರೂ ರಾಕ್ಷಸ, ಪಿಶಾಚ, ಪೂತನಿಯರ ಹೆಸರೆತ್ತಿ ಅದನ್ನು ಬೆದರಿಸಬಾರದೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಸುಶ್ರುತನೂ ಇದೇ ಪಂಥದವನು. ಕೂಸನ್ನು ಮೈಗೆ ಹಿತವಾಗುವಂತೆ ಎತ್ತಿಕೊಳ್ಳಬೇಕು, ಗದರಿಸಬಾರದು, ಮಲಗಿದ್ದಾಗ ಥಟ್ಟನೆ ಎಬ್ಬಿಸಬಾರದು, ಏಕೆಂದರೆ ಅದು ಬೆಚ್ಚುವುದು ಎಂಬುದು ಅವನ ಮತ. ೧೯೩೮ರಲ್ಲಿ ಮುದ್ರಣಕ್ಕೆ ಬಂದ ಕಾಶ್ಯಪಸಂಹಿತೆಯಲ್ಲಿ ಮಾತು ಬಾರದ ಕೂಸಿನ ನೋವನ್ನು ಲಕ್ಷಣಗಳಿಂದ ಅರಿಯುವ ಬಗೆಗೆ ಒಂದು ಅಧ್ಯಾಯವೇ ಇದೆ. ಕೂಸು ಕೈಗಳಿಂದ ಕಿವಿಯನ್ನು ಮುಟ್ಟಿಕೊಳ್ಳುತ್ತ, ತಲೆಯನ್ನು ಹೊರಳಿಸುತ್ತ ನಿದ್ದೆಗೆಟ್ಟರೆ ಅದಕ್ಕೆ ಕಿವಿನೋವೆಂದು ತಿಳಿಯಬೇಕಂತೆ. ನಿದ್ದೆ ಬಾರದಿರುವುದು ಕೂಸಿನ ಹಟವೆಂದು ತೀರ್ಮಾನಿಸುವುದಕ್ಕೆ ಮೊದಲು ಅದರ ನೋವನ್ನು ವಿಚಾರಿಸಬೇಕೆಂಬ ಈ ವಿವೇಕವು ಇಂದಿನ ವೈದ್ಯರಿಗೂ ಸಮ್ಮತವಾದುದು.

೩

ಶಾಸ್ತ್ರಗ್ರಂಥಗಳನ್ನು ಓದಿದವರು ಕೆಲವರು. ತೊಟ್ಟಿಲನ್ನು ತೂಗಿದವರು ಎಲ್ಲರೂ. ಕನ್ನಡನಾಡಿನಲ್ಲಿ ಧಾರವಾಡ ಜಿಲ್ಲೆಯ ಕಲಘಟಗಿಯು ಬಣ್ಣದ ಮರದ ತೊಟ್ಟಿಲುಗಳಿಗೆ ಹೆಸರಾದ ಊರು. ಅಲ್ಲಿಯ ಚಿತ್ರಗಾರರು ಸಾಗುವಾನಿಯ ಹಲಗೆಗಳ ಮೇಲೆ ಅರಗಿನ ಬಣ್ಣದಿಂದ ರಾಮಾಯಣ ಭಾರತಗಳ ಕಥೆಗಳನ್ನು ಬರೆಯುವರು. ಅಂತಹ ತೊಟ್ಟಿಲು ಒಂದು ಮನೆಗೆ ಬಂದರೆ ಎರಡು ಮೂರು ತಲೆಮಾರಿನ ಕೂಸುಗಳು ಅದರಲ್ಲಿಯೇ ಬೆಳೆಯುವುದುಂಟು. ಅಷ್ಟು ಅನುಕೂಲವಿಲ್ಲದವರಿಗೆ ತೊಲೆಗೆ ಕಟ್ಟಿದ ಹಳೆಯ ಸೀರೆಯ ಜೋಲಿಯೇ ತೊಟ್ಟಿಲು. ಹೊಲದಲ್ಲಿ ಕೆಲಸಮಾಡುವವಳಿಗೆ ಮರದ ಕೊಂಬೆಯೇ ತೊಲೆ.

ತೊಟ್ಟಿಲಿನೊಡನೆ ಬಂದುದು ಜೋಗುಳ. ಮಾರ್ಕಂಡೇಯಪುರಾಣದಲ್ಲಿ ಮದಾಲಸೆಯೆಂಬ ರಾಣಿಯು ಅಳುವ ಮಗನಿಗೆ ಆತ್ಮತತ್ತ್ವವನ್ನೇ ಲಾಲಿಯಾಗಿ ಹೇಳಿ ಸಮಾಧಾನಪಡಿಸಿದಳು. ನಮ್ಮ ಹರಿದಾಸರು ಜಗತ್ತನ್ನು ತೂಗುವವನನ್ನೇ ತೊಟ್ಟಿಲಿನಲ್ಲಿ ಮಲಗಿಸಿ ತೂಗಿದರು. ಪುರಂದರದಾಸರ ಪ್ರಸಿದ್ಧವಾದ ಒಂದು ಕೀರ್ತನೆಯಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಅಂಗಲಾಚಿಕೊಳ್ಳುತ್ತಾನೆ. ಚರಕಾಚಾರ್ಯನು ಸೂತ್ರರೂಪವಾಗಿ ನಿಷೇಧಿಸಿದುದನ್ನೇ ದಾಸರು ಮಗುವಿನ ಬಾಯಿಂದ ಆಡಿಸಿದಂತಾಯಿತು. ಎರಡು ಸಾವಿರ ವರ್ಷಗಳಿಂದ ಗುಮ್ಮನು ಮನೆಯ ಹೊಸ್ತಿಲನ್ನು ಬಿಟ್ಟು ಹೋಗಿಲ್ಲವೆಂಬುದೂ ಅದರಿಂದ ತಿಳಿಯುವುದು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಓದಿದವರಿಗೆ, ಅಕ್ಷರವರಿಯದ ತಾಯಂದಿರು ಕೂಸಿನ ವಿಷಯದಲ್ಲಿ ಎಂತಹ ಕಾವ್ಯವನ್ನು ಕಟ್ಟಿದ್ದರೆಂಬುದು ವಿದಿತವೇ ಇದೆ.

ಹಿಂದಿನ ಮನೆಗಳ ದಿನಚರಿಯನ್ನು ನೆನೆಯಿರಿ. ಅಜ್ಜಿಯು ಕಾಲು ಚಾಚಿ ಕುಳಿತು, ಅದರ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ಯುವಳು. ಮೈಯೊರಸಿ, ಸಾಂಬ್ರಾಣಿಯ ಹೊಗೆ ತೋರಿಸಿ, ಮೆತ್ತನೆಯ ಹಳೆಯ ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಡುವಳು. ಮೊಲೆಯುಂಡ ಕೂಸು ತೊಟ್ಟಿಲಿಗೆ ಹೋಗುವುದು. ಜೋಗುಳವು ಮುಗಿಯುವುದರೊಳಗೆ ನಿದ್ದೆ. ಹೊಗೆಯು ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲವೆಂದು ಈಗಿನ ವೈದ್ಯರು ಹೇಳುವರು. ಅದನ್ನು ಬಿಡುವುದೇ ಮೇಲು. ಆದರೆ ದಿನವೂ ಅದೇ ಕ್ರಮ, ಅದೇ ಕೈ, ಅದೇ ರಾಗ ಎಂಬ ಈ ಪದ್ಧತಿಯಲ್ಲಿ ಎಷ್ಟು ತಥ್ಯವಿತ್ತೆಂಬುದು ಕೊನೆಯಲ್ಲಿ ಗೊತ್ತಾಗುವುದು.

೪

ಹೀಗೆ ತೂಗುವ ಕೈಯೂ ಹಾಡುವ ಬಾಯಿಯೂ ಇದ್ದ ಕಡೆ ಕೂಸು ಮಲಗಿತು. ಅವೆರಡಕ್ಕೂ ಬಿಡುವಿಲ್ಲದ ಕಡೆ ಏನಾಯಿತು? ಈ ಚರಿತ್ರೆಯ ಕರಾಳವಾದ ಅಧ್ಯಾಯವು ಇಲ್ಲಿಂದ ಆರಂಭವಾಗುವುದು.

ಇಂಗ್ಲೆಂಡಿನಲ್ಲಿ ಯಂತ್ರಗಳ ಯುಗವು ಬಂದಾಗ ತಾಯಂದಿರು ಬೆಳಗಾಗುವುದರೊಳಗಾಗಿ ಗಿರಣಿಗಳಿಗೆ ಹೋಗಬೇಕಾಯಿತು. ಕೂಸುಗಳನ್ನು ನೋಡಿಕೊಳ್ಳುವುದಕ್ಕೆ ಕೂಲಿಯ ಮುದುಕಿಯರು. ಒಬ್ಬೊಬ್ಬರ ವಶದಲ್ಲಿ ಹಲವು ಕೂಸುಗಳು. ಅವನ್ನು ಸುಮ್ಮನಿರಿಸುವುದಕ್ಕೆ 'ಗಾಡ್‌ಫ್ರೀಸ್ ಕಾರ್ಡಿಯಲ್' ಎಂಬ ಪಾನಕವು ಅಂಗಡಿಗಳಲ್ಲಿ ದೊರೆಯುತ್ತಿತ್ತು. ಅದು ಬೆಲ್ಲದ ಪಾಕದಲ್ಲಿ ಕಲಸಿದ ಅಫೀಮು. ಫ್ರೀಡ್ರಿಕ್ ಎಂಗೆಲ್ಸನು ೧೮೪೫ರಲ್ಲಿ ಅಲ್ಲಿಯ ಕೂಲಿಕಾರರ ಸ್ಥಿತಿಯನ್ನು ವರ್ಣಿಸಿದ ತನ್ನ ಗ್ರಂಥದಲ್ಲಿ ಈ ಪಾನಕದ ಅನರ್ಥವನ್ನು ಹೆಸರು ಹಿಡಿದು ಖಂಡಿಸಿದ್ದಾನೆ. ಅಮೆರಿಕದಲ್ಲಿ ೧೮೪೯ರಿಂದ 'ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್' ಎಂಬ ಔಷಧವು ಮಾರಾಟಕ್ಕೆ ಬಂದಿತು. ಹಲ್ಲು ಬರುವ ಕೂಸುಗಳಿಗೆ ಶಾಂತಿಯನ್ನು ಕೊಡುವುದೆಂದು ಅದರ ಪ್ರಚಾರ. ಒಳಗಿದ್ದುದು ಅಫೀಮಿನ ಸತ್ತ್ವವಾದ ಮಾರ್ಫೀನು. ೧೯೦೬ರ ಕಾನೂನಿನಿಂದ ಔಷಧದ ಸೀಸೆಯ ಮೇಲೆ ಇಂತಹ ವಿಷಪದಾರ್ಥಗಳನ್ನು ಬರೆಯಲೇಬೇಕಾದ ಮೇಲೆ, ೧೯೧೧ರಲ್ಲಿ ಅಮೆರಿಕದ ವೈದ್ಯಸಂಘವು ಅದನ್ನು ಶಿಶುಘಾತಕಗಳ ಪಟ್ಟಿಗೆ ಸೇರಿಸಿತು. ಅಫೀಮನ್ನು ತಿಂದ ಕೂಸು ಅಳುವುದಿಲ್ಲ, ಹಸಿವೆಂದು ಹಾಲನ್ನೂ ಕೇಳುವುದಿಲ್ಲ. ಒಣಗಿ ಸೊರಗಿ ಹೋಗುವುದು, ಇಲ್ಲವೆ ಪ್ರಮಾಣವು ತಪ್ಪಿದ ದಿನ ಉಸಿರೇ ನಿಲ್ಲುವುದು.

ಈ ವಿಷವು ಪರದೇಶದ್ದು ಮಾತ್ರವೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಮ್ಮಲ್ಲಿ ಬಾಲಗೋಲಿಯೆಂಬ ಹೆಸರಿನ ಅಫೀಮಿನ ಗುಳಿಗೆಗಳು ಬಹುಕಾಲ ಬಳಕೆಯಲ್ಲಿದ್ದುವು. ೧೮೯೩ರಲ್ಲಿ ನೇಮಕವಾಗಿ ೧೮೯೫ರಲ್ಲಿ ವರದಿಯನ್ನು ಒಪ್ಪಿಸಿದ ಅಫೀಮು ಆಯೋಗದ ಮುಂದೆ ಕೂಸುಗಳಿಗೆ ಅಫೀಮು ಕೊಡುವ ವಾಡಿಕೆಯ ಬಗ್ಗೆ ಸಾಕ್ಷ್ಯಗಳು ಬಂದುವು. ೧೯೨೦ರ ತರುವಾಯ ಮುಂಬಯಿಯ ಬಟ್ಟೆಯ ಗಿರಣಿಗಳ ಹೆಣ್ಣುಕೂಲಿಗಳ ಸ್ಥಿತಿಯನ್ನು ಪರೀಕ್ಷಿಸಿದವರು, ಅವರ ಕೂಸುಗಳಲ್ಲಿ ಬಹುತೇಕ ಎಲ್ಲಕ್ಕೂ ಈ ಗುಳಿಗೆಯ ಅಭ್ಯಾಸವಿದ್ದುದನ್ನು ಕಂಡರು. ತಾಯಂದಿರು ನಿರ್ದಯರಾಗಿದ್ದರೆ? ಅಲ್ಲ. ದಿನಕ್ಕೆ ಹತ್ತು ಗಂಟೆ ಮಗ್ಗದ ಮುಂದೆ ನಿಲ್ಲಬೇಕಾದವಳಿಗೆ, ಒಂದೇ ಕೋಣೆಯಲ್ಲಿ ಎರಡು ಮೂರು ಸಂಸಾರಗಳೊಡನೆ ಇರಬೇಕಾದವಳಿಗೆ, ಅಳುವ ಕೂಸು ಅನ್ನಕ್ಕೇ ಸಂಚಕಾರ. ೧೯೩೧ರಲ್ಲಿ ವರದಿಯನ್ನು ಕೊಟ್ಟ ವಿಟ್ಲೆಯವರ ಕಾರ್ಮಿಕ ಆಯೋಗವು ಗಿರಣಿಗಳಲ್ಲಿ ಶಿಶುಗೃಹಗಳಿರಬೇಕೆಂದು ಸೂಚಿಸಿತು. ಐವತ್ತಕ್ಕೆ ಮೇಲ್ಪಟ್ಟು ಹೆಂಗಸರಿರುವ ಕಾರ್ಖಾನೆಗಳಿಗೆ ಅದನ್ನು ೧೯೪೮ರ ಕಾರ್ಖಾನೆ ಕಾನೂನು ಕಡ್ಡಾಯಮಾಡಿತು. ೧೯೭೬ರ ತಿದ್ದುಪಡಿಯು ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. ೨೦೨೩ರಲ್ಲಿ ಕರ್ನಾಟಕ ಸರ್ಕಾರವು ೪೦೦೦ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಘೋಷಿಸಿದುದು ಇದೇ ಮಾಲಿಕೆಯ ಇನ್ನೊಂದು ಕೊಂಡಿ. ಅಫೀಮಿಗೆ ನಿಜವಾದ ಪ್ರತ್ಯೌಷಧವು ಉಪದೇಶವಲ್ಲ, ಬಿಡುವು ಎಂಬುದನ್ನು ಈ ಕಾನೂನುಗಳು ತಡವಾಗಿಯಾದರೂ ಒಪ್ಪಿಕೊಂಡುವು.

೫

ಅಫೀಮಿನ ಬೆನ್ನಿಗೆ ಗಡಿಯಾರವು ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವೈದ್ಯಶಾಸ್ತ್ರವು ರೋಗಾಣುಗಳನ್ನು ಕಂಡುಹಿಡಿದು ಕೀರ್ತಿಯನ್ನು ಪಡೆದಿತ್ತು. ಆ ಉತ್ಸಾಹದಲ್ಲಿ ಕೆಲವು ವೈದ್ಯರು ತಾಯಿಯ ಮಡಿಲನ್ನು ಕೂಡ ನಿಯಮಕ್ಕೆ ಒಳಪಡಿಸಹೊರಟರು. ನ್ಯೂಯಾರ್ಕಿನ ಶಿಶುವೈದ್ಯನಾದ ಲೂಥರ್ ಎಮೆಟ್ ಹೋಲ್ಟ್ ೧೮೯೪ರಲ್ಲಿ ಪ್ರಶ್ನೋತ್ತರರೂಪದ ಕೈಪಿಡಿಯೊಂದನ್ನು ಪ್ರಕಟಿಸಿದನು. ಅಳುವು ಕೂಸಿನ ವ್ಯಾಯಾಮ. ತೂಗುವುದು ಅನಾವಶ್ಯಕವಾದ ದುರಭ್ಯಾಸ. ರೂಢಿಗಾಗಿ ಅಳುವ ಕೂಸನ್ನು ಅತ್ತು ಮುಗಿಸಲು ಬಿಡಬೇಕು ಎಂಬುದು ಅವನ ಬೋಧೆ. ನ್ಯೂಜಿಲೆಂಡಿನಲ್ಲಿ ಟ್ರೂಬಿ ಕಿಂಗ್ ಎಂಬ ವೈದ್ಯನು ೧೯೦೭ರಲ್ಲಿ ಸ್ಥಾಪಿಸಿದ ಸಂಘವು ನಾಲ್ಕು ಗಂಟೆಗಳಿಗೊಮ್ಮೆ ಮಾತ್ರ ಹಾಲು, ರಾತ್ರಿ ಹಾಲೇ ಇಲ್ಲ, ಎಂಬ ವ್ರತವನ್ನು ಮನೆಮನೆಗೆ ಕೊಂಡೊಯ್ದಿತು. ಆ ಸಂಘದಿಂದ ಶುಚಿತ್ವವೂ ಮೊಲೆಹಾಲಿನ ಗೌರವವೂ ಹೆಚ್ಚಿದುದು ನಿಜ, ಅದನ್ನು ಮರೆಯಬಾರದು. ಆದರೆ ಮಗ್ಗುಲ ಕೋಣೆಯಲ್ಲಿ ಕೂಸು ಹಸಿದು ಅಳುತ್ತಿರುವಾಗ ಗಡಿಯಾರದ ಮುಳ್ಳನ್ನೇ ನೋಡುತ್ತ ಕಣ್ಣೀರಿಟ್ಟ ತಾಯಂದಿರ ಕಥೆಗಳನ್ನೂ ಆ ಕಾಲವು ಉಳಿಸಿದೆ.

ಈ ಪಂಥದ ಪರಾಕಾಷ್ಠೆಯನ್ನು ಜಾನ್ ಬಿ. ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞನಲ್ಲಿ ಕಾಣಬಹುದು. ಮಕ್ಕಳನ್ನು ಅಪ್ಪಬಾರದು, ಮುದ್ದಿಡಬಾರದು, ಮಡಿಲಲ್ಲಿ ಕೂರಿಸಬಾರದು. ಬೆಳಗ್ಗೆ ಕೈಕುಲುಕಿದರೆ ಸಾಕು ಎಂದು ಅವನು ೧೯೨೮ರಲ್ಲಿ ಬರೆದನು. ಅತಿಯಾದ ಮಾತೃಪ್ರೇಮವು ಅಪಾಯಕರವೆಂಬುದೇ ಅವನ ವಾದ. ತೊಟ್ಟಿಲಿನ ಮುಂದೆ ಸಾವಿರಾರು ವರ್ಷಗಳಿಂದ ನಡೆದುಬಂದ ಸಂಪ್ರದಾಯವನ್ನು ಇಷ್ಟು ಧೈರ್ಯವಾಗಿ ತಳ್ಳಿಹಾಕಿದವರು ಇನ್ನಿಲ್ಲ. ಆ ಧೈರ್ಯಕ್ಕೆ ಆಧಾರವಾದ ಪ್ರಮಾಣಗಳು ಮಾತ್ರ ಅತ್ಯಲ್ಪ.

ಪ್ರತಿಕ್ರಿಯೆಯು ಬಾರದೆ ಇರಲಿಲ್ಲ. ೧೯೪೬ರಲ್ಲಿ ಬೆಂಜಮಿನ್ ಸ್ಪಾಕ್ ಎಂಬ ವೈದ್ಯನ ಗ್ರಂಥವು ಹೊರಟು, ತಾಯಂದಿರಿಗೆ ತಮ್ಮ ತಿಳಿವಳಿಕೆಯಲ್ಲಿ ನಂಬಿಕೆಯಿರಲೆಂದು ಹೇಳಿತು. ೧೯೫೧ರಲ್ಲಿ ಜಾನ್ ಬೌಲ್ಬಿಯು ಜಾಗತಿಕ ಆರೋಗ್ಯಸಂಸ್ಥೆಗಾಗಿ ಬರೆದ ವರದಿಯು ತಾಯಿಯ ಅಥವಾ ತಾಯಿಯಂತೆ ನೋಡಿಕೊಳ್ಳುವವರ ಒಡನಾಟವು ಮಗುವಿಗೆ ಅನ್ನದಷ್ಟೇ ಅವಶ್ಯಕವೆಂದು ಸಾರಿತು. ೧೯೭೨ರಲ್ಲಿ ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ ಎಂಬ ವಿದುಷಿಯರು, ಮೊದಲ ತಿಂಗಳುಗಳಲ್ಲಿ ಅಳುವಿಗೆ ತಡಮಾಡದೆ ಓಗೊಟ್ಟ ತಾಯಂದಿರ ಕೂಸುಗಳು ವರ್ಷದ ಕೊನೆಯ ಹೊತ್ತಿಗೆ ಕಡಿಮೆ ಅಳುತ್ತಿದ್ದುವೆಂದು ಪ್ರಕಟಿಸಿದರು. ೧೯೮೬ರಲ್ಲಿ ಮಾಂಟ್ರಿಯಲ್ಲಿನಲ್ಲಿ ೯೯ ಮಂದಿ ತಾಯಂದಿರನ್ನು ಸೇರಿಸಿಕೊಂಡು ನಡೆದ ಪ್ರಯೋಗವೊಂದರಲ್ಲಿ, ದಿನದಲ್ಲಿ ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳ ಅಳುವು ಆರನೆಯ ವಾರದಲ್ಲಿ ಇತರ ಕೂಸುಗಳದಕ್ಕಿಂತ ನೂರಕ್ಕೆ ೪೩ರಷ್ಟು ಕಡಿಮೆಯಾಗಿತ್ತು. ಎತ್ತಿಕೊಂಡರೆ ಕೂಸು ಕೆಡುವುದೆಂಬ ಭಯವು ಹೀಗೆ ನೆಲೆತಪ್ಪಿತು.

೬

ಆದರೆ ವಾತ್ಸಲ್ಯದ ಪಕ್ಷದವರೂ ತಪ್ಪಿಗೆ ಹೊರತಾಗಲಿಲ್ಲ. ಅವರ ತಪ್ಪು ಅತ್ಯಂತ ದುಬಾರಿಯಾಯಿತು. ಅಂಗಾತ ಮಲಗಿದ ಕೂಸು ಕಾರಿಕೊಂಡರೆ ಉಸಿರುಕಟ್ಟಬಹುದೆಂದು ಭಾವಿಸಿ, ಸ್ಪಾಕನ ಗ್ರಂಥದ ೧೯೫೮ರ ಆವೃತ್ತಿಯು ಕೂಸನ್ನು ಬೋರಲಾಗಿ ಮಲಗಿಸುವುದನ್ನು ಶಿಫಾರಸುಮಾಡಿತು. ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಅನೇಕ ವೈದ್ಯರು ಅದೇ ಮಾತನ್ನು ಹೇಳಿದರು. ಆರೋಗ್ಯವಾಗಿ ಮಲಗಿದ ಕೂಸುಗಳು ಬೆಳಗಾಗುವ ಹೊತ್ತಿಗೆ ಸತ್ತಿರುವ ಪ್ರಸಂಗಗಳು ಆ ದೇಶಗಳಲ್ಲಿ ಹೆಚ್ಚಿದುವು. ಕಾರಣವು ತಿಳಿಯದೆ ಆ ಮರಣಕ್ಕೆ 'ತೊಟ್ಟಿಲ ಸಾವು' ಎಂದೇ ಹೆಸರಾಯಿತು.

೧೯೮೫ರಲ್ಲಿ ಡೇವಿಸ್ ಎಂಬ ಶಿಶುವೈದ್ಯನು ಹಾಂಗ್‌ಕಾಂಗ್ ನಗರದಲ್ಲಿ ಈ ಸಾವು ಏಕೆ ವಿರಳವೆಂದು ವಿಚಾರಿಸಿ, ಅಲ್ಲಿಯ ಚೀಣೀಯರು ಕೂಸುಗಳನ್ನು ಅಂಗಾತವೇ ಮಲಗಿಸುವ ವಾಡಿಕೆಯತ್ತ ಬೆರಳು ತೋರಿಸಿದನು. ೧೯೮೭ರಿಂದ ೧೯೯೦ರ ವರೆಗೆ ನ್ಯೂಜಿಲೆಂಡಿನಲ್ಲಿ ನಡೆದ ವಿಸ್ತಾರವಾದ ಪರಿಶೀಲನೆಯು ಬೋರಲು ಮಲಗಿಸುವುದರ ಅಪಾಯವನ್ನು ನಿಸ್ಸಂದೇಹವಾಗಿ ತೋರಿಸಿತು. ೧೯೯೧ರಲ್ಲಿ ಇಂಗ್ಲೆಂಡಿನಲ್ಲಿಯೂ ೧೯೯೪ರಲ್ಲಿ ಅಮೆರಿಕದಲ್ಲಿಯೂ ಕೂಸನ್ನು ಅಂಗಾತ ಮಲಗಿಸಿರೆಂಬ ಪ್ರಚಾರವು ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಈ ಮರಣಗಳು ಸುಮಾರು ಅರ್ಧಕ್ಕೆ, ಕೆಲವೆಡೆ ಅದಕ್ಕಿಂತ ಕೆಳಕ್ಕೆ, ಇಳಿದುವು. ೧೯೭೦ರ ವೇಳೆಗೆ ಲಭ್ಯವಾಗಿದ್ದ ಸಾಕ್ಷ್ಯಗಳನ್ನು ಆಗಲೇ ಒಟ್ಟುಗೂಡಿಸಿ ನೋಡಿದ್ದರೆ ಇಂಗ್ಲೆಂಡಿನಲ್ಲಿ ೧೦,೦೦೦ಕ್ಕೂ ಹೆಚ್ಚು, ಯೂರೋಪು, ಅಮೆರಿಕ, ಆಸ್ಟ್ರೇಲಿಯ ಮುಂತಾದ ಕಡೆ ಕನಿಷ್ಠಪಕ್ಷ ೫೦,೦೦೦ ಕೂಸುಗಳು ಉಳಿಯುತ್ತಿದ್ದುವೆಂದು ೨೦೦೫ರಲ್ಲಿ ರೂತ್ ಗಿಲ್ಬರ್ಟ್ ಮತ್ತು ಅವರ ಸಂಗಡಿಗರು ಲೆಕ್ಕಹಾಕಿದರು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆಯೂ ಪರೀಕ್ಷೆಗೆ ಒಳಗಾಗದಿದ್ದರೆ ಎಂತಹ ಅನರ್ಥಕ್ಕೆ ಕಾರಣವಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಡ.

೭

ಇಷ್ಟರಲ್ಲಿ ನಿದ್ದೆಯ ಸ್ವರೂಪವೇ ಏನೆಂಬ ವಿಚಾರವು ಬೇರೆ ದಾರಿಯಲ್ಲಿ ನಡೆದಿತ್ತು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್‌ಸ್ಕಿಯು ಮಲಗಿದ ಕೂಸುಗಳ ರೆಪ್ಪೆಗಳನ್ನು ಗಂಟೆಗಟ್ಟಲೆ ನೋಡುತ್ತ ಕುಳಿತಿದ್ದು, ೧೯೫೩ರಲ್ಲಿ ತನ್ನ ಗುರುವಾದ ಕ್ಲೈಟ್‌ಮನ್ನನೊಡನೆ ನಿದ್ದೆಯಲ್ಲಿ ಕಣ್ಣು ಚಲಿಸುವ ಅವಸ್ಥೆಯೊಂದಿದೆಯೆಂದು ಪ್ರಕಟಿಸಿದನು. ಎಳೆಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧವು ಈ ಚಂಚಲ ನಿದ್ದೆಯೇ. ಆಗ ಕೂಸು ಮುಗುಳ್ನಗುವುದು, ಮುಖ ಕಿವುಚುವುದು, ನರಳುವುದು. ಎಚ್ಚರವಾಯಿತೆಂದು ಅವಸರದಿಂದ ಎತ್ತಿಕೊಂಡರೆ ಮಲಗಿದ್ದ ಕೂಸನ್ನೇ ಎಬ್ಬಿಸಿದಂತಾಗುವುದು. ಹುಟ್ಟಿದ ಕೂಸಿಗೆ ಹಗಲಿರುಳುಗಳ ಭೇದವು ತಿಳಿಯದು. ದೇಹದೊಳಗಿನ ಗಡಿಯಾರವು ಎರಡು ಮೂರು ತಿಂಗಳಿನ ಹೊತ್ತಿಗೆ ನಿಧಾನವಾಗಿ ರೂಪುಗೊಳ್ಳುವುದು. ೧೯೫೭ರಲ್ಲಿ ಲಂಡನ್ನಿನ ೧೬೦ ಕೂಸುಗಳನ್ನು ಪರಿಶೀಲಿಸಿದವರು, ಮೂರು ತಿಂಗಳಿಗೆ ನೂರಕ್ಕೆ ೭೦, ಆರು ತಿಂಗಳಿಗೆ ೮೩ ಕೂಸುಗಳು ರಾತ್ರಿ ನೆಮ್ಮದಿಯಾಗಿ ಮಲಗುವುದನ್ನು ಕಲಿತುವೆಂದೂ, ಹತ್ತರಲ್ಲೊಂದು ವರ್ಷ ತುಂಬುವ ವರೆಗೂ ಕಲಿಯಲಿಲ್ಲವೆಂದೂ ಕಂಡರು. ೧೯೭೯ರಲ್ಲಿ ಥಾಮಸ್ ಆಂಡರ್ಸ್ ರಾತ್ರಿಯ ಚಲಚ್ಚಿತ್ರಗಳಿಂದ, ಚೆನ್ನಾಗಿ ಮಲಗುವುವೆಂದು ಹೇಳುವ ಕೂಸುಗಳೂ ನಡುನಡುವೆ ಎಚ್ಚರಗೊಂಡು ತಾವಾಗಿಯೇ ಮತ್ತೆ ಮಲಗುವುವೆಂದು ತೋರಿಸಿದನು. ಆದಕಾರಣ ಎಚ್ಚರವಾಗುವುದು ರೋಗವಲ್ಲ. ಮತ್ತೆ ಮಲಗುವುದು ಮಾತ್ರ ಕೂಸು ಕ್ರಮೇಣ ಕಲಿಯಬೇಕಾದ ವಿದ್ಯೆ.

ಈ ವಿದ್ಯೆಯನ್ನು ಮೃದುವಾಗಿ ಕಲಿಸುವ ಉಪಾಯಗಳನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ ಅಜ್ಜಿಯ ಪದ್ಧತಿಯು ಮರಳಿ ಮುಂದೆ ಬಂದಿತು. ೨೦೦೯ರಲ್ಲಿ ಜೋಡಿ ಮಿಂಡೆಲ್ ಮತ್ತು ಅವರ ಸಂಗಡಿಗರು, ಏಳು ತಿಂಗಳಿನಿಂದ ಮೂರು ವರ್ಷದ ವರೆಗಿನ ಮಕ್ಕಳಿರುವ ೪೦೫ ಮಂದಿ ತಾಯಂದಿರಲ್ಲಿ ವಿಚಾರಿಸಿದರು. ಪ್ರತಿ ರಾತ್ರಿಯೂ ಸ್ನಾನ, ಮೈಯೊತ್ತುವುದು, ಆಮೇಲೆ ಹಾಡು ಮುಂತಾದ ಸದ್ದಿಲ್ಲದ ವಿನೋದ ಎಂಬ ಒಂದೇ ಕ್ರಮವನ್ನು ಅನುಸರಿಸಿದಾಗ ಮಕ್ಕಳು ಬೇಗ ಮಲಗಿದುವು, ರಾತ್ರಿ ಕಡಿಮೆ ಎದ್ದುವು, ತಾಯಂದಿರ ಮನಸ್ಸೂ ಹಗುರವಾಯಿತು. ೨೦೨೨ರಲ್ಲಿ ಜಪಾನಿನ ಕುರೋಡ ಎಂಬ ವಿದುಷಿ ಮತ್ತು ಸಂಗಡಿಗರು ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಡೆದಾಡಬೇಕೆಂದೂ, ಮಲಗಿದ ಮೇಲೆ ಐದರಿಂದ ಎಂಟು ನಿಮಿಷ ತೋಳಿನಲ್ಲಿಯೇ ಇಟ್ಟುಕೊಂಡು ಕುಳಿತಿದ್ದು ಅನಂತರ ಹಾಸಿಗೆಗೆ ಇಳಿಸಬೇಕೆಂದೂ ಹೇಳಿದರು. ಅವರು ಪರೀಕ್ಷಿಸಿದುದು ೨೧ ಕೂಸುಗಳನ್ನು ಮಾತ್ರ; ಆದರೂ ಪ್ಲೇಟೋವಿನ ತಾಯಂದಿರು ಇದನ್ನು ಕೇಳಿದ್ದರೆ ನಗುತ್ತಿದ್ದರು.

ಸ್ವಲ್ಪ ದೊಡ್ಡ ಕೂಸಿನ ವಿಷಯದಲ್ಲಿ, ಎಂದರೆ ಆರೇಳು ತಿಂಗಳಾದ ಮೇಲೆ, ಕಣ್ಣು ಎಳೆಯುತ್ತಿರುವಾಗಲೇ ಹಾಸಿಗೆಗೆ ಇಳಿಸಿ, ಪಕ್ಕದಲ್ಲಿ ಕುಳಿತು ತಟ್ಟುತ್ತ, ದಿನಗಳೆದಂತೆ ಕೈಯನ್ನೂ ಆಮೇಲೆ ಕುರ್ಚಿಯನ್ನೂ ಸ್ವಲ್ಪ ಸ್ವಲ್ಪ ದೂರಕ್ಕೆ ಸರಿಸುವ ಕ್ರಮವೊಂದುಂಟು. ಕೆಲವು ನಿಮಿಷಗಳಿಗೊಮ್ಮೆ ಬಂದು ಸಮಾಧಾನಪಡಿಸಿ ಹೋಗುವ ಕ್ರಮವು ಇನ್ನೊಂದು. ೧೯೮೫ರಲ್ಲಿ ಪ್ರಕಟವಾದ ರಿಚರ್ಡ್ ಫರ್ಬರನ ಗ್ರಂಥದಿಂದ ಇಂತಹ ಪದ್ಧತಿಯು ಪ್ರಸಿದ್ಧಿಗೆ ಬಂದಿತು. ಕೂಸಿಗೆ ಇದರಿಂದ ಕೇಡಾಗುವುದೆಂದು ಕೆಲವರೂ ಇದಿಲ್ಲದೆ ಗತಿಯಿಲ್ಲವೆಂದು ಕೆಲವರೂ ಬಹುಕಾಲ ವಾದಿಸಿದರು. ಆಸ್ಟ್ರೇಲಿಯದಲ್ಲಿ ಈ ಎರಡು ಕ್ರಮಗಳನ್ನೂ ಕಲಿಸಿ, ೩೨೬ ಮಕ್ಕಳನ್ನು ಆರು ವರ್ಷದ ವಯಸ್ಸಿನ ವರೆಗೆ ಹಿಂಬಾಲಿಸಿ ೨೦೧೨ರಲ್ಲಿ ಪ್ರಕಟಿಸಿದ ಫಲಿತಾಂಶವು ಇಬ್ಬರನ್ನೂ ನಿರಾಶೆಗೊಳಿಸಿತು. ಆ ಮಕ್ಕಳಿಗೂ ಉಳಿದ ಮಕ್ಕಳಿಗೂ ಆ ವಯಸ್ಸಿನಲ್ಲಿ ಯಾವ ಭೇದವೂ ಕಾಣಲಿಲ್ಲ. ಹಾಗಾದುದರಿಂದ ತನ್ನ ಮನಸ್ಸಿಗೆ ಒಪ್ಪದ ಕ್ರಮವನ್ನು ಯಾವ ತಾಯಿಯೂ ಹೆದರಿ ಅನುಸರಿಸಬೇಕಾಗಿಲ್ಲ. ತೀರ ಬಳಲಿ ಇನ್ನೊಂದನ್ನು ಅನುಸರಿಸಿದವಳು ತಾನು ಪಾಪಮಾಡಿದೆನೆಂದು ಕೊರಗಬೇಕಾಗಿಯೂ ಇಲ್ಲ.

೮

ಈ ದೀರ್ಘವಾದ ಕಥೆಯಿಂದ ನಾವು ತಿಳಿಯಬೇಕಾದುದೇನು? ಹಳೆಯದೆಲ್ಲ ಸರಿಯಲ್ಲ; ಬಾಲಗೋಲಿಯೂ ಹಳೆಯದೇ. ಹೊಸದೆಲ್ಲ ಸರಿಯಲ್ಲ, ಬೋರಲು ಮಲಗಿಸಿದುದೂ ಒಂದು ಕಾಲಕ್ಕೆ ಹೊಸದಾಗಿಯೇ ಇತ್ತು. ಎರಡನ್ನೂ ಕೂಸಿನ ಕ್ಷೇಮವೆಂಬ ಒರೆಗಲ್ಲಿಗೆ ತಿಕ್ಕಿ ನೋಡಬೇಕು. ಆ ಒರೆಯಲ್ಲಿ ನಿಂತ ನಿಯಮಗಳು ಕೆಲವಿವೆ. ಒಂದು ವರ್ಷವಾಗುವ ವರೆಗೆ ಕೂಸನ್ನು ಯಾವಾಗಲೂ ಅಂಗಾತ ಮಲಗಿಸಬೇಕು. ಹಾಸಿಗೆಯು ಸಮತಟ್ಟಾಗಿ ಬಿಗಿಯಾಗಿರಬೇಕು; ಅದರ ಮೇಲೆ ದಿಂಬು, ದಪ್ಪನೆಯ ಹೊದಿಕೆ, ಮೆತ್ತನೆಯ ಗೊಂಬೆಗಳು ಬೇಡ. ಮೆತ್ತನೆಯ ಹಾಸಿಗೆಯನ್ನು ಹೇಳಿದ ಚರಕನ ಮಾತನ್ನು ಇಲ್ಲಿ ವಿನಯದಿಂದಲೇ ಬಿಡಬೇಕಾಗಿದೆ. ಜೋಲಿಯಲ್ಲಿ ಕೂಸಿನ ಬೆನ್ನು ಬಾಗಿ, ಗದ್ದವು ಎದೆಗೊತ್ತಿ ಉಸಿರಿಗೆ ತಡೆಯಾಗಬಹುದಾದುದರಿಂದ, ಅದರಲ್ಲಿ ತೂಗಿ ಮಲಗಿಸಿದರೂ ಅನಂತರ ಸಮತಟ್ಟಾದ ಹಾಸಿಗೆಗೆ ಇಳಿಸುವುದು ಲೇಸು. ಕೂಸು ತಾಯಿಯ ಕೋಣೆಯಲ್ಲಿ, ಅವಳ ಕೈಗೆಟಕುವಷ್ಟು ಹತ್ತಿರದಲ್ಲಿ, ತನ್ನದೇ ಹಾಸಿಗೆಯಲ್ಲಿ ಇರಬೇಕೆಂದು ಇಂದಿನ ವೈದ್ಯರು ಹೇಳುವುದು ಹದಿನೆಂಟು ಶತಮಾನಗಳ ಹಿಂದಿನ ಸೊರಾನಸನ ಮಾತೇ. ನಿದ್ದೆ ಬರಿಸುವ ಔಷಧವನ್ನು ವೈದ್ಯರ ಅಪ್ಪಣೆಯಿಲ್ಲದೆ ಎಂದಿಗೂ ಕೊಡಬಾರದು.

ಇವುಗಳನ್ನು ಬಿಟ್ಟರೆ ಉಳಿದುದು ಮನೆಯವರ ತಾಳ್ಮೆ. ಮೂರು ತಿಂಗಳೊಳಗಿನ ಕೂಸಿಗೆ ದಿನಕ್ಕೆ ೧೪ರಿಂದ ೧೭ ಗ��ಟೆ, ಅನಂತರ ವರ್ಷ ತುಂಬುವ ವರೆಗೆ ೧೨ರಿಂದ ೧೬ ಗಂಟೆ, ಒಂದೆರಡು ವರ್ಷದ ಮಗುವಿಗೆ ೧೧ರಿಂದ ೧೪ ಗಂಟೆ ನಿದ್ದೆ ಬೇಕೆಂದು ಜಾಗತಿಕ ಆರೋಗ್ಯಸಂಸ್ಥೆಯು ೨೦೧೯ರಲ್ಲಿ ಹೇಳಿತು. ಆದರೆ ಅಷ್ಟು ಗಂಟೆಗಳ ಕಾಲ ಅದನ್ನು ಕಾಯುವವಳಿಗೆ ನಿದ್ದೆ ಎಷ್ಟು ಬೇಕು, ಅದನ್ನು ಕೊಡುವವರು ಯಾರು ಎಂಬುದನ್ನು ಕೇಳುವವರು ವಿರಳ. ಅಫೀಮಿನ ಕಾಲದ ತಾಯಿಗೂ ಗಡಿಯಾರದ ಕಾಲದ ತಾಯಿಗೂ ಉಪದೇಶಮಾಡಿದವರು ಅನೇಕರಿದ್ದರು. ನಡುರಾತ್ರಿಯಲ್ಲಿ ಎದ್ದು ತೊಟ್ಟಿಲ ಹಗ್ಗವನ್ನು ಕೈಗೆ ತೆಗೆದುಕೊಂಡವರು ಕೆಲವರು. ಅಜ್ಜಿಯ ಕಾಲು ಚಾಚಿದ ಆಸನವು ಈಗ ಅನೇಕ ಮನೆಗಳಲ್ಲಿ ಬರಿದಾಗಿದೆ. ತಾಯಿಯೂ ಹಗಲೆಲ್ಲ ದುಡಿದು ಬಂದವಳು. ಹೀಗಿರುವಲ್ಲಿ ತಂದೆಯಾದವನು ಜೋಗುಳವನ್ನು ಕಲಿತರೆ ಶಾಸ್ತ್ರಕ್ಕೂ ಸಂಪ್ರದಾಯಕ್ಕೂ ಯಾವ ಲೋಪವೂ ಇಲ್ಲ. ರಾಗವು ಸ್ವಲ್ಪ ತಪ್ಪಿದರೂ ಕೇಳುವವರು ಆಕ್ಷೇಪಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಅವರು ಮಲಗಿಯೇ ಬಿಡುವರು.